ಹಿಡಿದ ದೆವ್ವ, ಹಿಡಿದ ಕೈ

ದೆವ್ವ ಹಿಡಿಯಿತು, ದೆವ್ವ ಬಿಡಿಸಿದರು ಎನ್ನುತ್ತೇವೆ. ಹೆಂಡತಿಯನ್ನು ಕೈಹಿಡಿದವಳು ಎನ್ನುತ್ತೇವೆ, ಕಷ್ಟ ಬಂದಾಗ ದೇವರ ಪಾದ ಹಿಡಿಯುತ್ತೇವೆ. ಈ ಮೂರೂ ಹಿಡಿತಗಳು ‘ನಾ ನಿನ್ನ ಬಿಡಲಾರೆ’ ಎಂಬ ಒಂದೇ ಹೆಸರಿನೊಳಗೆ ಅಡಗಿವೆ. 1979ರಲ್ಲಿ ತೆರೆಕಂಡ ಈ ಚಿತ್ರಕ್ಕೆ ವಿಜಯ್ ಅವರ ನಿರ್ದೇಶನ, ರಾಜನ್-ನಾಗೇಂದ್ರ ಅವರ ಸಂಗೀತ. ಅನಂತನಾಗ್ ಮತ್ತು ಲಕ್ಷ್ಮಿ ಗಂಡ ಹೆಂಡತಿ. ಒಲಿದವನು ದಕ್ಕದೆ ಸತ್ತ ಹೆಣ್ಣೊಬ್ಬಳು ಅವನ ಮೈಯನ್ನೇ ಹೊಕ್ಕುಬಿಡುತ್ತಾಳೆ. ಹೆಂಡತಿ ಗಂಡನನ್ನು ಉಳಿಸಿಕೊಳ್ಳಲು ಮಂತ್ರಾಲಯದ ರಾಯರ ಮೊರೆಹೋಗುತ್ತಾಳೆ. ಈ ಚಿತ್ರ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಹೆದರಿಸಿದ್ದಕ್ಕಷ್ಟೇ ಅಲ್ಲ, ಜಗತ್ತನ್ನೆಲ್ಲ ಸುತ್ತುತ್ತಿದ್ದ ಭಯದ ಕಥೆಯೊಂದನ್ನು ನಮ್ಮ ಮನೆಯ ಕಥೆಯಾಗಿಸಿದ್ದಕ್ಕೆ.

1973ರಲ್ಲಿ ಅಮೆರಿಕದ ‘ದಿ ಎಕ್ಸಾರ್ಸಿಸ್ಟ್’ ಬಂದ ಮೇಲೆ ದೆವ್ವ ಹಿಡಿಯುವ ಕಥೆಗಳ ಸುಗ್ಗಿಯೇ ಶುರುವಾಯಿತು. ಮರುವರ್ಷವೇ ಇಟಲಿಯಲ್ಲಿ ‘ಕಿ ಸೇಯಿ?’, ‘ಲಾಂತಿಕ್ರಿಸ್ತೊ’ ಎಂಬ ಚಿತ್ರಗಳು ಹೊರಬಂದವು. ಮೊದಲನೆಯದರ ನಿರ್ದೇಶಕ ಒವಿದಿಯೊ ಅಸ್ಸೊನಿಟಿಸ್ ಆಲಿವರ್ ಹೆಲ್‌ಮನ್ ಎಂಬ ಇಂಗ್ಲಿಷ್ ಹೆಸರು ಹಾಕಿಕೊಂಡು ಕಥೆಯನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಸಿದ. ತಮ್ಮ ಚಿತ್ರದ ನಕಲು ಇದೆಂದು ವಾರ್ನರ್ ಬ್ರದರ್ಸ್ ಕೋರ್ಟಿಗೆ ಹೋಯಿತು. ತನ್ನ ಊರನ್ನೂ ಹೆಸರನ್ನೂ ಮರೆಮಾಡಿಕೊಂಡು ಹೊರಟ ಚಿತ್ರ ಅದು. ಕನ್ನಡದ ಚಿತ್ರವೂ ಅದೇ ಗಾಳಿ ಬೀಸುತ್ತಿದ್ದ ಕಾಲದ್ದೇ, ಆದರೆ ನಡೆದದ್ದು ತನ್ನೂರಿನ ಕಡೆಗೆ. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಜಕುಮಾರ್ ಅವರನ್ನು ರಾಯರಾಗಿ ಕಂಡು ಕೈಮುಗಿದಿದ್ದ ಪ್ರೇಕ್ಷಕರು ಅದಕ್ಕಿದ್ದರು. ಭಯ ಬಂದದ್ದು ಭಕ್ತಿಯ ಬಾಗಿಲಿನಿಂದಲೇ.

ಅಮೆರಿಕದ ಚಿತ್ರದಲ್ಲಿ ದೆವ್ವ ಹಿಡಿಯುವುದು ಹುಡುಗಿಯನ್ನು, ಬಿಡಿಸುವವರು ಪಾದ್ರಿಗಳು. ಇಲ್ಲಿ ದೆವ್ವದ ವಶವಾಗುವವನು ಗಂಡಸು, ಹೋರಾಡುವವಳು ಹೆಂಗಸು. ಇದರ ಭಾರ ಬಿದ್ದದ್ದು ಅನಂತನಾಗ್ ಅವರ ಮೇಲೆ. ‘ಅಂಕುರ್’, ‘ಹಂಸಗೀತೆ’ಗಳಲ್ಲಿ ಪಳಗಿದ ಆ ನಟ, ಹೆಣ್ಣಿನ ರೋಷವನ್ನು ತನ್ನ ನೋಟದಲ್ಲಿ, ದನಿಯಲ್ಲಿ ತುಂಬಿಕೊಳ್ಳಬೇಕಿತ್ತು. ಒಂದೇ ಮುಖದಲ್ಲಿ ಕ್ಷಣಕ್ಕೊಮ್ಮೆ ಗಂಡನೂ ಸವತಿಯೂ ಕಾಣುವಾಗ ಎದುರು ನಿಂತ ಹೆಂಡತಿಗೆ ಯಾರ ಮೇಲೆ ಸಿಟ್ಟಾಗುವುದು? ಚಿತ್ರದ ನಿಜವಾದ ಭಯ ಈ ಇಕ್ಕಟ್ಟಿನಲ್ಲಿದೆ. ನೆಚ್ಚಿದ ಮನುಷ್ಯ ಮನೆಯೊಳಗೇ ಪರಕೀಯನಾಗುವುದಕ್ಕಿಂತ ದೊಡ್ಡ ದಿಗಿಲು ಸಂಸಾರಸ್ಥರಿಗೆ ಬೇರೆ ಯಾವುದಿದೆ?

ಕೊನೆಗೆ ರಾಯರು ಕಾಪಾಡುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ಅದೆಂಥ ಭಯದ ಚಿತ್ರ ಎಂದು ಕೇಳುವವರಿದ್ದಾರೆ. ಗಾಣಧಾಳದ ಪಂಚಮುಖಿಯಲ್ಲಿ ರಾಯರು ತಪಸ್ಸು ಮಾಡಿದರು, 1671ರಲ್ಲಿ ತುಂಗಭದ್ರೆಯ ದಡದಲ್ಲಿ ಬೃಂದಾವನ ಪ್ರವೇಶಿಸಿದರು ಎಂದು ನಂಬಿದ ಸೀಮೆಯ ಜನರಿಗೆ ಕಾಪಾಡುವವರು ಇದ್ದಾರೆಂಬ ಧೈರ್ಯವುಂಟು. ಆದರೆ ಆ ಬಾಗಿಲು ಮುಟ್ಟುವವರೆಗಿನ ದಾರಿಯನ್ನು ನಡೆದೇ ತೀರಬೇಕು. ಭಯ ಇರುವುದು ಆ ದಾರಿಯಲ್ಲಿ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಇಂಥ ಚಿತ್ರಗಳು ಮನೋರೋಗಿಗಳನ್ನು ವೈದ್ಯರ ಬದಲು ಮಾಂತ್ರಿಕರ ಬಳಿಗೆ ಅಟ್ಟುವುದಿಲ್ಲವೇ? ಆ ಅಪಾಯವನ್ನು ಅಲ್ಲಗಳೆಯಲಾಗದು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದು ಬಡಿದು ಹಿಂಸಿಸುವುದನ್ನು ತಡೆಯಲು ರಾಜ್ಯ 2017ರಲ್ಲಿ ಕಾಯ್ದೆ ಮಾಡಿತು, 2020ರಲ್ಲಿ ಅದು ಜಾರಿಗೆ ಬಂತು. ಅದು ಬೇಕಾಗಿದ್ದ ಕಾಯ್ದೆಯೇ. ಸಿನಿಮಾ ಚಿಕಿತ್ಸೆಯ ಚೀಟಿಯಲ್ಲ. ಮನಸ್ಸು ಕೆಟ್ಟವರಿಗೆ ಆಸ್ಪತ್ರೆಯೇ ದಾರಿ. ಆದರೂ ಈ ಕಥೆಯಲ್ಲಿ ಗೆಲ್ಲುವುದು ಯಾರ ಬೆತ್ತವೂ ಅಲ್ಲ, ಹೆಂಡತಿಯ ಪ್ರಾರ್ಥನೆ ಎಂಬುದನ್ನು ಮರೆಯಬಾರದು. ಕಾಯಿಲೆಯವರ ಜೊತೆ ಕೊನೆಯವರೆಗೂ ನಿಲ್ಲುವ ಒಬ್ಬರು ವೈದ್ಯರಿಗೂ ಬೇಕು.

1981ರಲ್ಲಿ ಈ ಕಥೆ ‘ಮಂಗಳಸೂತ್ರ’ವಾಗಿ ಹಿಂದಿಗೆ ಹೋಯಿತು. ಅನಂತನಾಗ್ ಅವರೇ ನಾಯಕ, ಹೆಂಡತಿ ರೇಖಾ. ಹಿಂದಿಯ ಹೆಸರಿನಲ್ಲಿ ಹೆಂಡತಿಯ ತಾಳಿಯಷ್ಟೇ ಉಳಿಯಿತು. ಕನ್ನಡದ ಹೆಸರನ್ನು ದೆವ್ವ ಹೇಳಿದರೆ ಬೆದರಿಕೆ, ಹೆಂಡತಿ ಹೇಳಿದರೆ ಭರವಸೆ, ಬೃಂದಾವನದ ಮುಂದೆ ನಿಂತು ಹೇಳಿದರೆ ಹಟ ಹಿಡಿದ ಭಕ್ತಿ. ಕೊನೆಗೆ ದೆವ್ವ ಬಿಡಲೇಬೇಕಾಯಿತು, ಕೈಹಿಡಿದವಳು ಬಿಡಲಿಲ್ಲ.