ಹಿಂದಿನ ಬ್ರೇಕಿಗೆ ಸರಿಯಾದ ‘ಶೂ’ ಯಾವುದು?

ದುದ್ದದ ತವರುಮನೆಯಿಂದ ಮಕ್ಕಳೊಂದಿಗೆ ಹಾಸನಕ್ಕೆ ಹೊರಟಿದ್ದೀರಿ. ಹ್ಯಾಂಡ್‌ಬ್ರೇಕ್ ಎಷ್ಟು ಎಳೆದರೂ ಕಾರು ಜಾರುತ್ತಿದೆ, ಹಿಂದಿನ ಚಕ್ರದಲ್ಲಿ ಕರಕರ ಸದ್ದು. ‘ಊರಿಗೆ ಹೋಗಿ ಯಜಮಾನರಿಗೆ ಹೇಳಿದರಾಯ್ತು’ ಅಂದುಕೊಳ್ಳಬೇಡಿ. ಬ್ರೇಕ್ ಶೂ ಸವೆದಿರಬಹುದು. ಅಲ್ಲೇ ಮೆಕ್ಯಾನಿಕ್‌ನ ಕರೆಸಿ.

ಮಾರುತಿ 800, ಆಲ್ಟೊದಂಥ ಕಾರುಗಳ ಹಿಂದಿನ ಚಕ್ರಕ್ಕಿರುವುದು ಡ್ರಮ್ ಬ್ರೇಕ್. ಅಂಗಡಿಯಲ್ಲಿ ಬರೀ ‘ಮಾರುತಿದು ಕೊಡಿ’ ಅಂದರೆ ಸಾಲದು. ಹೆಸರು ಒಂದೇ ಆದರೂ ವರ್ಷ, ಮಾಡೆಲ್ ಬದಲಾದಂತೆ ಬಿಡಿಭಾಗ ಬೇರೆಯಾಗಬಹುದು. ಬ್ಲೌಸ್ ಪೀಸ್ ಮ್ಯಾಚ್ ಮಾಡಲು ಸೀರೆಯನ್ನೇ ಒಯ್ಯುತ್ತೀರಲ್ಲ, ಇಲ್ಲೂ ಹಾಗೆಯೇ.

* ಆರ್.ಸಿ. ತೋರಿಸಿ. ಕಾರು ತಯಾರಾದ ವರ್ಷ, ಚಾಸಿ ನಂಬರ್ ಅದರಲ್ಲಿರುತ್ತದೆ.
* ಹಳೇ ಶೂ ಪಕ್ಕ ಹೊಸದನ್ನಿಟ್ಟು ಅಗಲ, ಬಾಗು, ತೂತುಗಳನ್ನು ಹೋಲಿಸಿ.
* ಡಬ್ಬಿಯ ಮೇಲಿನ ಪಾರ್ಟ್ ನಂಬರ್ ನೋಡಿ, ಬಿಲ್ ಕೇಳಿ ಪಡೆಯಿರಿ.
* ಒಂದೇ ಕಡೆ ಸವೆದಿದ್ದರೂ ಎರಡೂ ಹಿಂದಿನ ಚಕ್ರಗಳಿಗೆ ಒಟ್ಟಿಗೇ ಹಾಕಿಸಿ.
* ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಹೊಸ ಶೂ ಕೂಡ ಹಾಳು.

ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿದೆ. ಸರಿಯಾದ ಪಾರ್ಟ್ ಊರಲ್ಲಿ ಸಿಗದಿದ್ದರೆ ‘ಇದೇ ಅಡ್ಜಸ್ಟ್ ಆಗುತ್ತೆ ಬಿಡಿ ಮೇಡಂ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಹಳೇ ಶೂ ಹಿಡಿದು ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಬನ್ನಿ. ಅಲ್ಲಿಯವರೆಗೆ ಕಾರು ತವರಿನಂಗಳದಲ್ಲೇ ಇರಲಿ!