ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ?

ಪ್ರಶ್ನೆ: ತಮ್ಮನ ಮೇಲೆ ಮೊದಲ ಸಲ ಕ್ರಿಮಿನಲ್ ಕೇಸು ಬಿದ್ದಿದೆ. ವಕೀಲರನ್ನಿಡಲು ದುಡ್ಡಿಲ್ಲ. ಏನು ಗತಿ?

ಉತ್ತರ: ಮೊದಲ ಹಾಜರಿಯಲ್ಲೇ ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಹೇಳಲಿ: ‘ಸ್ವಾಮಿ, ವಕೀಲರನ್ನಿಡುವ ಶಕ್ತಿ ನನಗಿಲ್ಲ.’ ಜೈಲು ಶಿಕ್ಷೆಯಾಗಬಹುದಾದ ಕೇಸಿನಲ್ಲಿ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು. ಅದು ಹಕ್ಕು, ದಾನವಲ್ಲ. ಅರುಣಾಚಲ ಪ್ರದೇಶದ ಸುಕ್ ದಾಸ್ ಪ್ರಕರಣದಲ್ಲಿ ಆರೋಪಿ ಹೀಗೆ ಕೇಳಿರಲಿಲ್ಲ. ಕೇಳಬಹುದೆಂದು ಯಾರೂ ತಿಳಿಸಿರಲೂ ಇಲ್ಲ. ವಕೀಲರಿಲ್ಲದೆಯೇ ವಿಚಾರಣೆ ಮುಗಿದು ಎರಡು ವರ್ಷ ಶಿಕ್ಷೆಯಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ತಿಳಿಸುವ ಹೊಣೆ ನ್ಯಾಯಾಧೀಶರದ್ದೇ ಎಂದಿತು.

ಉಚಿತ ವಕೀಲರಿಗಾಗಿ ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕೊಡಿ. ಹೆಂಗಸರು, ಪರಿಶಿಷ್ಟರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯೂ ಇಲ್ಲ. ಸಮನ್ಸ್, ಎಫ್‌ಐಆರ್ ಪ್ರತಿ ಜೊತೆಗಿರಲಿ. ದಾರಿ ತಿಳಿಯದಿದ್ದರೆ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.