ಪುಸ್ತಕಕ್ಕೆ ಬಂದ ಹಿತ್ತಿಲು

ಪರೀಕ್ಷೆ ಮುಗಿದ ಮೇಲೆ ಮಕ್ಕಳ ನೋಟ್‌ಬುಕ್‌ಗಳನ್ನು ಒಮ್ಮೆ ತಿರುವಿ ನೋಡಿ. ಹಿಂದಿನ ಹತ್ತಿಪ್ಪತ್ತು ಹಾಳೆ ಖಾಲಿಯೇ ಇರುತ್ತವೆ. ನಾವು ಚಿಕ್ಕವರಿದ್ದಾಗ ಅವನ್ನೆಲ್ಲ ಕಿತ್ತು, ದಬ್ಬಳದಿಂದ ತೂತು ಮಾಡಿ, ದಾರದಲ್ಲಿ ಹೊಲಿದು ಹೊಸ ಪುಸ್ತಕ ಮಾಡಿಕೊಳ್ಳುತ್ತಿದ್ದೆವು. ಈಗ ಅಂಗಡಿಯಲ್ಲಿ ದಪ್ಪ ರಟ್ಟಿನ ಚಂದದ ಖಾಲಿ ಜರ್ನಲ್‌ಗಳು ಸಿಗುತ್ತವೆ. ನನ್ನ ಮಗಳಿಗೂ ಒಂದು ಉಡುಗೊರೆಯಾಗಿ ಬಂದಿತ್ತು. ಎರಡು ವರ್ಷವಾದರೂ ಅವಳು ಅದರಲ್ಲಿ ಒಂದಕ್ಷರ ಬರೆದಿರಲಿಲ್ಲ. ಕೇಳಿದರೆ “ಹಾಳಾಗತ್ತಮ್ಮ” ಎನ್ನುತ್ತಿದ್ದಳು. ಹಾಳೆ ಅಷ್ಟು ಬೆಳ್ಳಗಿದ್ದರೆ ದೊಡ್ಡವರಿಗೂ ಬರೆಯಲು ಕೈ ಬರುವುದಿಲ್ಲ. ಮೊದಲು ಅದಕ್ಕೊಂದಿಷ್ಟು ಬಣ್ಣ ಮೆತ್ತಬೇಕು.

ಕಳೆದ ಬೇಸಿಗೆಯಲ್ಲಿ ಸಾಗರದ ಕಡೆಯ ನನ್ನ ತವರುಮನೆ ಮಾರುವುದೆಂದು ತೀರ್ಮಾನವಾಯಿತು. ಅಮ್ಮ ನಮ್ಮ ಜೊತೆ ಬೆಂಗಳೂರಿಗೆ ಬರುವವಳು. ಪಾತ್ರೆ ಪಗಡಿಗಳನ್ನು ಲಾರಿಯಲ್ಲಿ ತರಬಹುದು. ಹಿತ್ತಿಲನ್ನು ತರುವುದು ಹೇಗೆ? ಮಗಳ ಖಾಲಿ ಜರ್ನಲ್ ಹೊರಬಂದದ್ದು ಆಗ.

ಎಲೆಯ ಅಚ್ಚಿಗೆ ಬೇಕಾದದ್ದು ಪೋಸ್ಟರ್ ಕಲರ್, ಒಂದು ಸ್ಪಂಜಿನ ತುಂಡು, ಹಳೆಯ ಪತ್ರಿಕೆ, ಅಷ್ಟೇ. ನರಗಳು ಎದ್ದು ಕಾಣುವ ಬೆನ್ನಿನ ಕಡೆಗೆ ತೆಳುವಾಗಿ ಬಣ್ಣ ಒತ್ತಿ. ನೀರು ಹೆಚ್ಚಾದರೆ ಬಣ್ಣ ನರಗಳ ನಡುವೆ ತುಂಬಿಕೊಂಡು ಬರೀ ಮುದ್ದೆ ಮೂಡುತ್ತದೆ. ಎಲೆಯನ್ನು ಹಾಳೆಯ ಮೇಲೆ ಮಗುಚಿ, ಪತ್ರಿಕೆ ಹೊದಿಸಿ, ನಡುವಿನಿಂದ ಅಂಚಿಗೆ ಬೆರಳಿನಿಂದ ಒತ್ತುತ್ತ ಬನ್ನಿ. ಆಮೇಲೆ ತೊಟ್ಟು ಹಿಡಿದು ಅಲುಗಿಸದೆ ಎತ್ತಿ. ಮತ್ತೆ ಬಣ್ಣ ಹಚ್ಚದೆ ಅದೇ ಎಲೆಯಿಂದ ಇನ್ನೊಂದು ಅಚ್ಚು ತೆಗೆದು ನೋಡಿ. ನನಗಂತೂ ಆ ಮಸುಕು ಅಚ್ಚೇ ಹೆಚ್ಚು ಇಷ್ಟ. ಅದರ ಮೇಲೆಯೇ ಬರೆಯಲೂ ಬರುತ್ತದೆ.

ದಾಲ್ಚಿನ್ನಿ ಎಲೆಯಲ್ಲಿ ಬುಡದಿಂದ ತುದಿಯತ್ತ ಓಡುವ ಮೂರು ನರಗಳು ಗೆರೆ ಎಳೆದಂತೆ ಮೂಡಿದವು. ಒಂದೆಲಗ ಪುಟ್ಟ ಬೀಸಣಿಗೆಯಾಯಿತು. ಅಮ್ಮ ಕಟ್ಟೆಯ ಮೇಲೆ ಕೂತು ಹೆಸರು ಹೇಳುವುದು, ಮಗಳು ಬರೆಯುವುದು. “ಇದು ವಾಟೆಹುಳಿ ಪುಟ್ಟಿ. ಇದರ ಸಾರೆಂದರೆ ನಿನ್ನ ಅಜ್ಜನಿಗೆ ಮತ್ತೊಂದು ಬೇಡ” ಎಂದಳು. ಅದನ್ನೂ ಎಲೆಯ ಪಕ್ಕದಲ್ಲೇ ಬರೆದಾಯಿತು. ಹಾಳಾಗುತ್ತದೆ ಎಂಬ ಮಾತು ಮತ್ತೆ ಕೇಳಲಿಲ್ಲ.

ಎಲೆಗಳ ನಡುವೆ ಕೆಲವು ಪುಟಕ್ಕೆ ಅರಿಶಿನ. ನೀರಲ್ಲಿ ಕಲಸಿ ಹಾಳೆಗೆ ಬಳಿದು ಒಣಗಿಸಿ. ಇನ್ನೊಂದು ಲೋಟದಲ್ಲಿ ಅಡುಗೆ ಸೋಡಾ ಕರಗಿಸಿ, ಆ ನೀರಿನಲ್ಲಿ ಬ್ರಷ್ ಅದ್ದಿ ಗೆರೆ ಎಳೆದರೆ ಹಳದಿಯ ಮೇಲೆ ಕೆಂಪು ಮೂಡುತ್ತದೆ. ಆರತಿ ತಟ್ಟೆಯ ಓಕುಳಿ ಕೆಂಪಾಗುವ ಗುಟ್ಟೂ ಇದೇ. ಅಲ್ಲಿ ಹಾಕುವುದು ಸುಣ್ಣ. ಕಣ್ಣಿಗೆ ಅಪಾಯವಾದ್ದರಿಂದ ಮಕ್ಕಳ ಕೈಗೆ ಅದು ಬೇಡ. ಅರಿಶಿನ ಬಿಸಿಲಿಗೆ ಮಾಸುತ್ತದೆ, ಹಾಗಾಗಿ ಒಳಪುಟಗಳಿಗೇ ಇರಲಿ.

ರಟ್ಟಿನ ಹೊದಿಕೆಗೆ ನಾವು ಮಾಡಿದ್ದು ಮೋಡದ ಕಾಗದ. ನೀರಿನ ಮೇಲೆ ತೇಲುವ ಬಣ್ಣವನ್ನು ಕಾಗದದಲ್ಲಿ ಹಿಡಿಯುವ ಈ ಕಲೆಯ ಪರ್ಷಿಯನ್ ಹೆಸರು ಅಬ್ರಿ. ಅಬ್ರ್ ಎಂದರೆ ಮೋಡ. ಟರ್ಕಿಯಲ್ಲಿ ಇದೇ ಎಬ್ರು, 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಷ್ಟು ದೂರ ಹೋಗುವುದೇಕೆ? 17ನೇ ಶತಮಾನದಲ್ಲಿ ನಮ್ಮ ವಿಜಯಪುರದ ಆದಿಲ್‌ಶಾಹಿ ಕಲಾವಿದರು ಈ ವಿಧಾನದಲ್ಲಿ ಚಿತ್ರಗಳನ್ನೇ ಮಾಡಿದ್ದರು. ಬಡಕಲು ಕುದುರೆಯೇರಿದ ಸನ್ಯಾಸಿಯ ಅಂಥದೊಂದು ಚಿತ್ರ ಇಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ನಮ್ಮದು ಅದರ ಬಡ ತಂಗಿ: ತಟ್ಟೆಯಲ್ಲಿ ಅಪ್ಪನ ಶೇವಿಂಗ್ ಫೋಮ್ ಹರಡಿ, ಫುಡ್ ಕಲರ್ ಹನಿಸಿ, ಕಡ್ಡಿಯಿಂದ ಗೀರಿ, ಕಾಗದ ಒತ್ತಿ ಎತ್ತುವುದು, ಮೆತ್ತಿದ ನೊರೆಯನ್ನು ಸ್ಕೇಲಿನಿಂದ ಬಳಿದು ತೆಗೆಯುವುದು. ಒಂದರಂತೆ ಇನ್ನೊಂದು ಬರುವುದಿಲ್ಲ.

ಹೊದಿಕೆ ಅಂಟಿಸಲು ಮೈದಾ ಅಂಟು ಸಾಕು. ತೆಳುವಾಗಿ ಬಳಿದು, ಭಾರ ಹೇರಿ, ಪೂರ್ತಿ ಒಣಗಿಸಿ. ಜಿರಳೆಗೆ ಅದರ ಮೇಲೆ ಬಲು ಆಸೆ, ಪುಸ್ತಕ ಡಬ್ಬಿಯೊಳಗಿರಲಿ. ಊರಿಂದ ಹೊರಟ ದಿನದ ಬಸ್ ಟಿಕೆಟನ್ನೂ ಅಂಟಿಸಿದೆವು. ಮಷೀನಿನ ಟಿಕೆಟಿನ ಅಕ್ಷರ ಬೇಗ ಅಳಿಸಿಹೋಗುತ್ತದೆ. ಅದರಲ್ಲಿರುವುದನ್ನು ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿಡಿ.

ಕೊನೆಯ ಪುಟದಲ್ಲಿ ಎಲೆ ಇಲ್ಲ. ಬಾವಿ ಪಕ್ಕದ ಸಂಪಿಗೆ ಮರ ಹಿಂದಿನ ಮಳೆಗಾಲದಲ್ಲೇ ಉರುಳಿತ್ತು. ಆ ಪುಟಕ್ಕೆ ಮಗಳು ಅರಿಶಿನ ಮಾತ್ರ ಬಳಿದಳು. ಅಮ್ಮ ಅವಳ ಕೈಯಿಂದ ಬ್ರಷ್ ತೆಗೆದುಕೊಂಡು, ಸೋಡಾ ನೀರಿನಲ್ಲಿ ಅದ್ದಿ, ನಡುಗುವ ಅಕ್ಷರದಲ್ಲಿ ತಾನೇ ಬರೆದಳು: ಸಂಪಿಗೆ.